ಅಲೆನ್ ಕೀ ಸ್ವಲ್ಪ ಕೆಳಗಿಡಿ: ಏರ್ ರೈಫಲ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪಿಸಿಪಿ (ಪ್ರಿ-ಚಾರ್ಜ್ಡ್ ನ್ಯೂಮ್ಯಾಟಿಕ್) ಏರ್ ರೈಫಲ್ ಬಗ್ಗೆನೇ. ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಏರ್ ಗನ್‌ನಲ್ಲಿ ಬ್ಯಾರಲ್ ಮಡಚಿ ಸ್ಪ್ರಿಂಗ್ ಎಳೆಯುತ್ತೇವೆ, ಅದು ಬಿಟ್ಟಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿ ಒತ್ತುತ್ತದೆ. ಪಿಸಿಪಿಯಲ್ಲಿ ಗಾಳಿ ಮೊದಲೇ ಸಿಲಿಂಡರ್‌ನಲ್ಲಿ ತುಂಬಿ ಕೂತಿರುತ್ತದೆ, ಹೆಚ್ಚಿನ ರೈಫಲ್‌ಗಳಲ್ಲಿ 200 ಬಾರ್ ಒತ್ತಡದವರೆಗೆ. ಕಾರಿನ ಟೈರ್‌ನಲ್ಲಿರೋದು ಎರಡು ಬಾರ್ ಚಿಲ್ಲರೆ. ಆ ವ್ಯತ್ಯಾಸ ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ಇನ್ನೊಂದು ವಿಷಯ. ನಿಮ್ಮಲ್ಲಿ ಹೆಚ್ಚಿನವರು ರೈಫಲ್ ಬಿಚ್ಚಿದ ಮೇಲೆ ಪತ್ರ ಬರೆದಿದ್ದೀರಿ. ಬಿಚ್ಚೋ ಮುಂಚೆ ಬರೆದಿದ್ದರೆ ನನಗೂ ಸುಲಭವಾಗ್ತಿತ್ತು, ನಿಮಗೂ ದುಡ್ಡು ಉಳೀತಿತ್ತು.

ಹಾಸನದಿಂದ: ಸರ್, ಹೊಸ ರೈಫಲ್. ಹ್ಯಾಂಡ್ ಪಂಪ್‌ನಲ್ಲಿ ಬೆವರು ಸುರಿಸಿ 200 ಬಾರ್ ಮಾಡ್ತೀನಿ. ಕಾಫಿ ಕುಡಿದು ಬರೋಷ್ಟರಲ್ಲಿ 190ಕ್ಕೆ ಇಳಿದಿರುತ್ತೆ. ಅಂಗಡಿಯವರು ಬಿಚ್ಚಿ ಓ-ರಿಂಗ್ (ಗಾಳಿ ಸೋರದಂತೆ ತಡೆಯೋ ರಬ್ಬರ್ ಬಳೆ) ಬದಲಾಯಿಸಿ ಅಂತಾರೆ. ಬದಲಾಯಿಸಲಾ?

ಬೇಡ. ನಿಮ್ಮ ರೈಫಲ್ ಸೋರುತ್ತಿಲ್ಲ, ತಣ್ಣಗಾಗುತ್ತಿದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗೋದು ನೋಡಿದ್ದೀರಲ್ಲ, ಇದು ಅದರಪ್ಪ. ಒಳಗಿನ ಗಾಳಿ 40 ಡಿಗ್ರಿ ಇದ್ದಾಗ ಗೇಜು 200 ತೋರಿಸಿದರೆ, ಅದೇ ಗಾಳಿ ಕೋಣೆಯ 27 ಡಿಗ್ರಿಗೆ ಇಳಿದಾಗ 192ರ ಹತ್ತಿರ ತೋರಿಸುತ್ತದೆ. ಗಾಳಿ ಎಲ್ಲೂ ಹೋಗಿಲ್ಲ. ಅರ್ಧ ಗಂಟೆ ಬಿಟ್ಟು ಗೇಜು ಏನು ಹೇಳುತ್ತೋ ಅದೇ ನಿಜವಾದ ಅಂಕಿ. ಅದನ್ನು ಬರೆದಿಡಿ, ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಆ ಅಂಗಡಿಯವರಿಗೆ ನಮಸ್ಕಾರ ಹೇಳಿ ಬನ್ನಿ.

ಪಂಪನ್ನು ಒಂದೇ ಉಸಿರಿಗೆ ಹೊಡೀಬೇಡಿ. ನಲವತ್ತು ಐವತ್ತು ಸಲ ಒತ್ತಿ, ಐದು ನಿಮಿಷ ಬಿಡಿ, ಪಂಪಿನ ಬುಡದಲ್ಲಿರುವ ಬ್ಲೀಡ್ ಸ್ಕ್ರೂ ತೆಗೆದು ಗಾಳಿ ಬಿಟ್ಟು ಮತ್ತೆ ಶುರು ಮಾಡಿ. ಹಾಗೆ ಬಿಟ್ಟಾಗ ಹಳೇ ಬಿಳಿ ಬಟ್ಟೆ ಅಡ್ಡ ಹಿಡಿದು ನೋಡಿ, ಮಳೆಗಾಲದಲ್ಲಿ ಬಟ್ಟೆ ಒದ್ದೆಯಾಗುತ್ತೆ. ಆ ನೀರು ಸಿಲಿಂಡರ್ ಒಳಗೆ ಹೋದರೆ ತುಕ್ಕು. ಮಂಗಳೂರು, ಉಡುಪಿ ಕಡೆಯವರು ಪಂಪಿನ ಗಾಳಿ ಎಳೆಯುವ ಬಾಯಿಗೆ ಸಿಲಿಕಾ ಜೆಲ್ ಫಿಲ್ಟರ್ ಹಾಕಿಸದೆ ಪಂಪ್ ಮಾಡಲೇಬೇಡಿ.

ತಣ್ಣಗಾದರೆ ಇಳಿಯೋದು ಬಿಸಿಯಾದರೆ ಏರುತ್ತೆ ಅನ್ನೋದು ಮರೀಬೇಡಿ. ತುಂಬಿದ ರೈಫಲ್ ಕಾರಿನಲ್ಲಿಟ್ಟು ಬಿಸಿಲಲ್ಲಿ ಪಾರ್ಕ್ ಮಾಡಿ ಊಟಕ್ಕೆ ಹೋದರೆ, ಒಳಗೆ 60 ಡಿಗ್ರಿ ಆಗೋದು ದೊಡ್ಡ ಮಾತಲ್ಲ, ಆಗ 27 ಡಿಗ್ರಿಯಲ್ಲಿ 200 ಇದ್ದದ್ದು 222 ಆಗಿರುತ್ತೆ.

ಧಾರವಾಡದಿಂದ: ಸರ್, ನನ್ನದು ನಿಜವಾಗಲೂ ಸೋರ್ತದ. ಸಂಜೆ 180 ಇದ್ದದ್ದು ಬೆಳಿಗ್ಗೆ 60. ಎಲ್ಲಿಂದ ಅಂತ ಗೊತ್ತಾಗವಲ್ದು. ನೀರಾಗ ಅದ್ದಿ ನೋಡ್ಲೇನು?

ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಅದ್ದಿ ಗುಳ್ಳೆ ನೋಡೋದು ಸರಿ, ರೈಫಲ್ ಇಡಿಯಾಗಿ ಅದ್ದಿದರೆ ಗೇಜು, ಟ್ರಿಗರ್ ಎರಡೂ ಹಾಳು. ಒಂದು ಬಟ್ಟಲಲ್ಲಿ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಸ್ವಲ್ಪ ನೀರು. ಹಳೇ ಪೇಂಟ್ ಬ್ರಷ್‌ನಲ್ಲಿ ನೊರೆ ಎತ್ತಿ ಒಂದೊಂದೇ ಜಾಗಕ್ಕೆ ಹಚ್ಚಿ: ಗಾಳಿ ತುಂಬುವ ಮೂತಿ, ಗೇಜಿನ ಬುಡ, ಸಿಲಿಂಡರ್ ಸೇರುವ ಜಾಗ, ರೆಗ್ಯುಲೇಟರ್ (ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡುವ ಭಾಗ) ಇದ್ದರೆ ಅದರ ಪಕ್ಕದ ಸೂಜಿಮೊನೆಯಷ್ಟು ತೂತು. ಅವಸರ ಬೇಡ. ದೊಡ್ಡ ಸೋರಿಕೆ ತಕ್ಷಣ ಕಾಣುತ್ತೆ, ಮೆಲ್ಲಗೆ ಸೋರೋದು ಹಾಗಲ್ಲ. ಸಾಸಿವೆ ಕಾಳಿನಷ್ಟು ಗುಳ್ಳೆ ಒಂದು ಎದ್ದು, ಅದರ ಪಕ್ಕ ಇನ್ನೊಂದು ಏಳುತ್ತೆ. ನೋಡ್ತಾ ಕೂರಬೇಕು. ಮುಗಿದ ಮೇಲೆ ಒರೆಸಿ ಒಣಗಿಸಿ.

ಎಲ್ಲೂ ಗುಳ್ಳೆ ಇಲ್ಲ ಅಂದರೆ ಒಳಗಿನ ಮುಖ್ಯ ವಾಲ್ವ್ ಬ್ಯಾರಲ್ ಕಡೆಗೆ ಸೋರುತ್ತಿರಬಹುದು. ಒಳಗೆ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಇಲ್ಲ, ಕಾಕ್ ಆಗಿಲ್ಲ (ಹೊಡೆಯೋಕೆ ಎಳೆದಿಟ್ಟಿಲ್ಲ) ಅಂತ ಎರಡು ಸಲ ನೋಡಿಕೊಂಡು, ಬ್ಯಾರಲ್ ತುದಿಗೆ ಮಕ್ಕಳ ಬಲೂನ್ ಸಿಕ್ಕಿಸಿ, ಗೋಡೆ ಕಡೆ ಮುಖ ಮಾಡಿಟ್ಟು ಅರ್ಧ ಗಂಟೆ ಬಿಡಿ. ಬಲೂನ್ ಉಬ್ಬಿದರೆ ಕಳ್ಳ ಸಿಕ್ಕ. ದಯವಿಟ್ಟು ಬ್ಯಾರಲ್‌ಗೆ ಕಿವಿ ಕೊಟ್ಟು ಕೇಳಬೇಡಿ, ಹಾಗೆ ಮಾಡಿದವರನ್ನು ಕಣ್ಣಾರೆ ನೋಡಿದ್ದೇನೆ. ಎಷ್ಟೋ ಸಲ ವಾಲ್ವ್ ಸೀಟಿನ ಮೇಲೆ ಕೂತ ಸಣ್ಣ ಕಸವೇ ಕಾರಣ, ಪೆಲೆಟ್ ಹಾಕಿ ನಾಲ್ಕೈದು ಗುಂಡು ಹೊಡೆದರೆ ಹಾರಿಹೋಗುತ್ತೆ.

ಓ-ರಿಂಗ್ ಅಂತ ಖಚಿತವಾದರೆ ಮೊದಲು ಗಾಳಿ ಪೂರ್ತಿ ಖಾಲಿ ಮಾಡಿ. ಗೇಜು ಸೊನ್ನೆ ತೋರಿಸಿದರೂ ನಂಬಬೇಡಿ, ಗೇಜೂ ಕೆಟ್ಟಿರಬಹುದು. ನನ್ನ ಮೇಜಿನ ನಿಯಮ ಇಷ್ಟೇ: ಸುಲಭವಾಗಿ ತಿರುಗಬೇಕಾದ ಭಾಗ ತಿರುಗದಿದ್ದರೆ ಒಳಗೆ ಇನ್ನೂ ಗಾಳಿ ಇದೆ ಅಂತಲೇ ಲೆಕ್ಕ, ಸ್ಪ್ಯಾನರ್ ಹಾಕೋ ಹಾಗಿಲ್ಲ. ಹಳೇ ರಿಂಗ್ ತೆಗೆಯಲು ಸೂಜಿ, ಪಿನ್ ಬೇಡ, ರಿಂಗ್ ಕೂರುವ ಜಾಗಕ್ಕೆ ಗೀರು ಬೀಳುತ್ತೆ. ಊದಿನಕಡ್ಡಿಯ ಬಿದಿರಿನ ತುದಿ ಚೂಪು ಮಾಡಿಕೊಳ್ಳಿ, ಅದಕ್ಕಿಂತ ಒಳ್ಳೆ ಟೂಲ್ ಇಲ್ಲ. ಹೊಸ ರಿಂಗ್ ಗಟ್ಟಿ ಜಾತಿಯದ್ದು ಬೇಕು, 90 ಶೋರ್ ಅಂತ ಕೇಳಿ, ನಲ್ಲಿ ರಿಪೇರಿ ರಿಂಗ್ ಅಲ್ಲ. ಹಚ್ಚೋಕೆ ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ.

ತೀರ್ಥಹಳ್ಳಿಯಿಂದ: ತೋಟಕ್ಕೆ ಮಂಗ, ನವಿಲು ಕಾಟ ವಿಪರೀತ. ನನ್ನ ಪಿಸಿಪಿಯ ಪವರ್ ಜಾಸ್ತಿ ಮಾಡೋದು ಹೇಗೆ ಹೇಳಿ.

ಹೇಳಲ್ಲ. ನವಿಲಿಗೆ ಗುಂಡು ಹೊಡೆಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜೈಲಿನ ದಾರಿ. ನಿಮ್ಮ ನಷ್ಟ ನನಗೂ ಗೊತ್ತು, ನಮ್ಮ ಮಾವನ ಮನೆಯದೂ ಅಡಿಕೆ ತೋಟವೇ. ಅದಕ್ಕೆ ಏರ್ ರೈಫಲ್ ಉತ್ತರ ಅಲ್ಲ. ಮಂಗಕ್ಕೆ ಪೆಲೆಟ್ ತಾಗಿದರೆ ಅದು ಸಾಯಲ್ಲ, ಕೀವು ತುಂಬಿಕೊಂಡು ವಾರಗಟ್ಟಲೆ ನರಳುತ್ತೆ. ಇನ್ನು ಕಾನೂನು: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ.ಗಿಂತ ದೊಡ್ಡ ಬೋರ್ (ಬ್ಯಾರಲ್ ತೂತಿನ ಅಳತೆ) ಅಥವಾ 20 ಜೂಲ್‌ಗಿಂತ ಜಾಸ್ತಿ ಶಕ್ತಿ ಇದ್ದರೆ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಡದ ರೈಫಲ್ ಕೊಂಡು ಮನೆಯಲ್ಲಿ ಹ್ಯಾಮರ್ ಸ್ಪ್ರಿಂಗ್ (ವಾಲ್ವ್‌ಗೆ ಏಟು ಕೊಡುವ ಸುತ್ತಿಗೆಯದ್ದು) ಬಿಗಿ ಮಾಡಿ ಆ ಗಡಿ ದಾಟಿಸಿದರೆ ಅದು ಲೈಸೆನ್ಸ್ ಇಲ್ಲದ ಬಂದೂಕೇ.

ಶಿವಮೊಗ್ಗದಿಂದ: ಅಣ್ಣ, ನನ್ನದು ದೇಶಿ ರೈಫಲ್, ರೆಗ್ಯುಲೇಟರ್ ಇಲ್ಲ. 200 ಬಾರ್ ತುಂಬಿಸಿದಾಗ ಮೊದಲ ಹತ್ತು ಗುಂಡು ಕೆಳಗೆ ಬೀಳುತ್ತೆ, ಆಮೇಲೆ ಸರಿ ಹೋಗುತ್ತೆ, ಕೊನೆಗೆ ಮತ್ತೆ ಕೆಳಗೆ. ಪವರ್ ಕಡಿಮೆ ಅಂದುಕೊಂಡು ಹ್ಯಾಮರ್ ಸ್ಪ್ರಿಂಗ್ ಎರಡು ಸುತ್ತು ಬಿಗಿ ಮಾಡಿದೆ. ಈಗ ಗಾಳಿ ಬೇಗ ಖಾಲಿ ಆಗ್ತಿದೆ.

ತಮ್ಮಾ, ಈ ತಿಂಗಳ ಅತ್ಯುತ್ತಮ ಪ್ರಶ್ನೆ ನಿನ್ನದೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ.

ತುಂಬಾ ಗಾಳಿ ಇದ್ದಾಗ ಗುಂಡು ನಿಧಾನ ಹೋಗೋದು ವಿಚಿತ್ರ ಅನಿಸುತ್ತೆ ಅಲ್ವಾ? ಆದರೆ ಒಳಗೆ ನಡೆಯೋದು ಇದು. ವಾಲ್ವನ್ನು ಮುಚ್ಚಿ ಹಿಡಿದಿರೋದು ಆ ಗಾಳಿಯೇ. ಟ್ರಿಗರ್ ಒತ್ತಿದಾಗ ಹ್ಯಾಮರ್ ಬಂದು ಆ ಬಾಗಿಲಿಗೆ ಒಂದು ಏಟು ಕೊಡುತ್ತೆ. 200 ಬಾರ್ ಇದ್ದಾಗ ಬಾಗಿಲಿನ ಹಿಂದೆ ಜನ ಒತ್ತಿ ನಿಂತ ಹಾಗೆ, ಏಟು ಬಿದ್ದರೂ ಚೂರೇ ತೆರೆದು ಪಟ್ಟನೆ ಮುಚ್ಚಿಕೊಳ್ಳುತ್ತೆ. ಒತ್ತಡ ಇಳಿದಂತೆ ಬಾಗಿಲು ಸ್ವಲ್ಪ ಜಾಸ್ತಿ ಹೊತ್ತು ತೆರೆದಿರುತ್ತೆ, ಗುಂಡು ವೇಗ ಹಿಡಿಯುತ್ತೆ. ಇನ್ನೂ ಇಳಿದರೆ ಬಾಗಿಲು ಹಾರುಹೊಡೆದರೂ ಒಳಗೆ ಗಾಳಿಯೇ ಇಲ್ಲ, ವೇಗ ಮತ್ತೆ ಬೀಳುತ್ತೆ.

ಹಾಗಾಗಿ ವೇಗದ ಗೆರೆ ಒಂದು ಗುಡ್ಡದ ಹಾಗಿರುತ್ತೆ. ನಿನಗೆ ಬೇಕಿರೋದು ಗುಡ್ಡದ ತಲೆ ಮಾತ್ರ. ಕ್ರೋನೋಗ್ರಾಫ್ ಅಂತ ಗುಂಡಿನ ವೇಗ ಅಳೆಯೋ ಸಾಧನ ಸಿಗುತ್ತೆ, ಯಾರ ಹತ್ತಿರವಾದರೂ ಎರಡು ದಿನಕ್ಕೆ ಇಸ್ಕೊ. ಸ್ಪ್ರಿಂಗ್ ಎರಡು ಸುತ್ತು ವಾಪಸ್ ತಿರುಗಿಸು. 200 ತುಂಬಿಸಿ ಅರ್ಧ ಗಂಟೆ ಬಿಟ್ಟು ಒಂದೇ ಡಬ್ಬಿಯ ಪೆಲೆಟ್ ಹಾಕಿ ಹೊಡೆಯುತ್ತಾ ಹೋಗು, ಪ್ರತಿ ಐದು ಗುಂಡಿಗೊಮ್ಮೆ ಒತ್ತಡ, ವೇಗ ಎರಡನ್ನೂ ಬರಿ. ನನ್ನ ಹಳೇ ನೋಟ್‌ಬುಕ್‌ನಲ್ಲಿರುವ ನಿನ್ನಂಥದೇ ಒಂದು ರೈಫಲ್‌ನ ಲೆಕ್ಕ ಕೊಡ್ತೀನಿ: 200 ಬಾರ್‌ಗೆ ಸೆಕೆಂಡಿಗೆ 238 ಮೀಟರ್, 180ಕ್ಕೆ 250, 165ಕ್ಕೆ 256, 150ಕ್ಕೆ 255, 130ಕ್ಕೆ 247, 110ಕ್ಕೆ 232. ಈಗ ನೋಡು, 180ರಿಂದ 130ರವರೆಗೆ ವ್ಯತ್ಯಾಸ ಬರೀ 9 ಮೀಟರ್. ಹತ್ತು ಮೀಟರ್ ದೂರದ ಟಾರ್ಗೆಟ್‌ನಲ್ಲಿ ಅದು ಅರ್ಧ ಮಿಲಿಮೀಟರ್ ಏರುಪೇರು, ಲೆಕ್ಕಕ್ಕೇ ಇಲ್ಲ. ಆ ರೈಫಲ್‌ಗೆ ನಾನು ಮಾಡಿದ ರಿಪೇರಿ ಏನು ಗೊತ್ತಾ? ಗೇಜಿನ ಗಾಜಿನ ಮೇಲೆ ನೇಲ್ ಪಾಲಿಶ್‌ನಲ್ಲಿ ಎರಡು ಚುಕ್ಕೆ. ಮೇಲಿನ ಚುಕ್ಕೆವರೆಗೆ ತುಂಬಿಸು, ಕೆಳಗಿನ ಚುಕ್ಕೆಗೆ ಬಂದಾಗ ನಿಲ್ಲಿಸು. 200 ತುಂಬಿಸಲೇಬೇಕು ಅಂತ ಯಾರೂ ಶಾಸನ ಬರೆದಿಲ್ಲ.

ಆಮೇಲೂ ಸ್ಪ್ರಿಂಗ್ ಮುಟ್ಟೋ ಆಸೆ ಇದ್ದರೆ ಅರ್ಧ ಸುತ್ತು ತಿರುಗಿಸು, ಹತ್ತು ಗುಂಡು ಹೊಡಿ, ಬರಿ. ಬಿಗಿ ಮಾಡಿದರೆ ಗುಡ್ಡದ ತಲೆ ಜಾಸ್ತಿ ಒತ್ತಡದ ಕಡೆ ಸರಿಯುತ್ತೆ, ಗಾಳಿ ಖರ್ಚು ಏರುತ್ತೆ. ಸಡಿಲ ಮಾಡಿದರೆ ಕಡಿಮೆ ಒತ್ತಡದ ಕಡೆ. ಒಂದು ಎಚ್ಚರಿಕೆ: ಪಿಸಿಪಿಯಲ್ಲಿ ಭಾರದ ಪೆಲೆಟ್ ಹಾಕಿದರೆ ವೇಗ ಇಳಿದರೂ ಶಕ್ತಿ ಏರುತ್ತೆ. 0.53 ಗ್ರಾಂ ಪೆಲೆಟ್ 256 ಮೀಟರ್ ವೇಗದಲ್ಲಿ 17.4 ಜೂಲ್. ಅದೇ ರೈಫಲ್‌ಗೆ 0.67 ಗ್ರಾಂನದು ಹಾಕಿ ಅದು 245ರಲ್ಲಿ ಹೋಯಿತು ಅನ್ನು, 20.1 ಜೂಲ್, ಗಡಿ ದಾಟಿತು. ಹಾಗಾಗಿ ನೀನು ಬಳಸುವ ಅತಿ ಭಾರದ ಪೆಲೆಟ್‌ನಲ್ಲೇ ಲೆಕ್ಕ ಹಾಕು.

ಬೆಂಗಳೂರಿನ ವಿಜಯನಗರದಿಂದ: ನನ್ನ ಮ್ಯಾಚ್ (ಸ್ಪರ್ಧೆಯ) ರೈಫಲ್‌ನಲ್ಲಿ ರೆಗ್ಯುಲೇಟರ್ ಇದೆ. ಆದರೂ ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಮೊದಲ ಗುಂಡು ಮೇಲಕ್ಕೆ ಹೋಗುತ್ತೆ. ಎರಡನೆಯದರಿಂದ ಸರಿ.

ರೆಗ್ಯುಲೇಟರ್ ಕೆಲಸ ಸಿಲಿಂಡರ್‌ನ 200 ಬಾರನ್ನು ಇಳಿಸಿ ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡೋದು. ಅದರ ಸಣ್ಣ ಸೀಟಿನಲ್ಲಿ ಗೀರೋ ಕಸವೋ ಇದ್ದರೆ ಪೂರ್ತಿ ಮುಚ್ಚಿಕೊಳ್ಳಲ್ಲ, ಗಾಳಿ ಮೆಲ್ಲಗೆ ಒಳಗೆ ನುಸುಳುತ್ತಾ ಒತ್ತಡ ಏರುತ್ತೆ. ಐದು ನಿಮಿಷ ಬಿಟ್ಟಾಗ ಆ ಜಾಸ್ತಿ ಒತ್ತಡವೆಲ್ಲ ಮೊದಲ ಗುಂಡಿನ ಪಾಲು. ಕ್ರೋನೋಗ್ರಾಫ್‌ನಲ್ಲಿ ನೋಡಿ: ಒಂದು ಗುಂಡು, ಹತ್ತು ನಿಮಿಷ ಬಿಡುವು, ಇನ್ನೊಂದು ಗುಂಡು. ಎರಡು ಮೀಟರ್ ವ್ಯತ್ಯಾಸ ಬಂದರೆ ಮರೆತುಬಿಡಿ. ಮ್ಯಾಚ್ ರೈಫಲ್ ಸುಮಾರು 172 ಮೀಟರ್ ವೇಗದಲ್ಲಿ ಹೊಡೆಯುತ್ತೆ, ಹತ್ತು ಮೀಟರ್ ಹೋಗೋಷ್ಟರಲ್ಲಿ ಪೆಲೆಟ್ ಹೆಚ್ಚುಕಡಿಮೆ 17 ಮಿ.ಮೀ. ಕೆಳಗಿಳಿಯುತ್ತೆ. ಎರಡು ಮೀಟರ್ ಏರಿಳಿತಕ್ಕೆ ಟಾರ್ಗೆಟ್‌ನಲ್ಲಿ 0.4 ಮಿ.ಮೀ., ಅಂದರೆ ಸುಮಾರು 0.15 ಅಂಕ. ಹತ್ತು ಮೀಟರ್ ಏರಿಳಿತ ಇದ್ದರೆ ಎರಡು ಮಿ.ಮೀ. ಹತ್ತಿರ, ಅದು ರಿಪೇರಿಗೆ ಹೋಗಬೇಕಾದ ಕೇಸು.

ನೀವೇ ಬಿಚ್ಚುತ್ತೀರಾ? ನನ್ನ ಕಥೆ ಕೇಳಿ. ಮೊದಲ ಸಲ ರೆಗ್ಯುಲೇಟರ್ ಬಿಚ್ಚಿದಾಗ ಒಳಗೆ ತಟ್ಟೆ ಆಕಾರದ ಪುಟ್ಟ ಸ್ಪ್ರಿಂಗ್ ವಾಷರ್‌ಗಳ ಸಾಲಿತ್ತು. ಒಂದು ಬೋರಲು, ಒಂದು ಅಂಗಾತ, ಹೀಗೆ ಲೆಕ್ಕದಲ್ಲಿ ಜೋಡಿಸಿರುತ್ತಾರೆ. ನಾನು ಬರೆದುಕೊಂಡಿರಲಿಲ್ಲ. ಜೋಡಿ ಜಾರಿ ಕೆಳಗೆ ಬಿದ್ದು ಟಿಣಿ ಟಿಣಿ ಅಂತ ಮನೆಯೆಲ್ಲ ಉರುಳಿದವು. ಮನೆಯವಳು ಪೊರಕೆ ತಂದಳು. ಒಂದು ಸಿಕ್ಕಿದ್ದು ಫ್ರಿಡ್ಜ್ ಕೆಳಗೆ, ಮೂರು ದಿನ ಬಿಟ್ಟು. ಅಂದಿನಿಂದ ಏನೇ ಬಿಚ್ಚಿದರೂ ಅಂಚಿರುವ ಸ್ಟೀಲ್ ತಟ್ಟೆಯ ಮೇಲೆ, ಒಂದೊಂದು ಭಾಗ ತೆಗೆದ ಹಾಗೆ ಮೊಬೈಲ್‌ನಲ್ಲಿ ಫೋಟೊ. ಇಷ್ಟಾದರೂ ಮ್ಯಾಚ್ ರೈಫಲ್‌ನ ರೆಗ್ಯುಲೇಟರನ್ನು ಈಗಲೂ ನಾನು ಬೇರೆಯವರಿಗೆ ಕೊಡ್ತೀನಿ. ಅದಕ್ಕೆ ಒತ್ತಡ ಅಳೆಯುವ ಟೆಸ್ಟರ್ ಬೇಕು, ಅಂದಾಜಿನಲ್ಲಿ ಆಗೋ ಕೆಲಸ ಅಲ್ಲ.

ತುಮಕೂರಿನಿಂದ: ಆಯುಧಪೂಜೆ ದಿನ ರೈಫಲ್‌ಗೂ ಪೂಜೆ ಮಾಡಿದೆವು. ಈಗ ಗುಂಡು ಎಲ್ಲೆಲ್ಲೋ ಹೋಗುತ್ತಿದೆ. ಅಪ್ಪ ಕೊಬ್ಬರಿ ಎಣ್ಣೆ ಬಿಟ್ಟರೆ ಸರಿ ಹೋಗುತ್ತೆ ಅಂತಿದ್ದಾರೆ.

ನಕ್ಕೆ, ಆದರೆ ನಾನೂ ಮಾಡಿದ್ದೇನೆ. ಅರಿಶಿನ, ಕುಂಕುಮ ಪೆಲೆಟ್ ಹಾಕೋ ಜಾಗಕ್ಕೆ ಬಿದ್ದಿರುತ್ತೆ, ಮೊದಲ ಗುಂಡು ಅದನ್ನು ಬ್ಯಾರಲ್ ಉದ್ದಕ್ಕೂ ಸವರಿಕೊಂಡು ಹೋಗುತ್ತೆ. ಮೃದು ಬ್ರಷ್‌ನಲ್ಲಿ ಪುಡಿಯೆಲ್ಲ ಕೆಡವಿ, ಆಮೇಲೆ ಬ್ಯಾರಲ್‌ಗೆ ಫೆಲ್ಟ್ ಪೆಲೆಟ್ ಅಂತ ಉಣ್ಣೆಯ ಗುಳಿಗೆ ಸಿಗುತ್ತೆ, ಅದನ್ನು ಹಿಂದಿನಿಂದ ತೂರಿಸಿ ಬಿಳಿಯಾಗಿ ಹೊರಬರುವ ತನಕ ತಳ್ಳಿ. ನಿಮ್ಮದರಲ್ಲಿ ಮೊದಲೆರಡು ಕೇಸರಿ ಬಣ್ಣ ಬರಬಹುದು. ಶುಚಿ ಮಾಡಿದ ಮೇಲೆ ಇಪ್ಪತ್ತು ಗುಂಡು ಹೊಡೆಯೋ ತನಕ ಗುಂಡುಗಳು ಒತ್ತಾಗಿ ಒಂದೇ ಕಡೆ ಬೀಳಲ್ಲ, ಗಾಬರಿ ಬೇಡ. ಪೆಲೆಟ್ ಹಾಕೋ ಜಾಗದ ರಿಂಗಿಗೂ ಪುಡಿ ತಾಗಿರುತ್ತೆ. ಟಿಶ್ಯೂ ಪೇಪರ್‌ನ ಸಣ್ಣ ಪಟ್ಟಿ ಆ ಜಾಗದ ಮೇಲೆ ಇಟ್ಟು, ಬ್ಯಾರಲ್ ಟಾರ್ಗೆಟ್ ಕಡೆಗೇ ಇರಲಿ, ಒಂದು ಗುಂಡು ಹೊಡೆಯಿರಿ. ಪಟ್ಟಿ ಹಾರಿದರೆ ರಿಂಗ್ ಹೋಗಿದೆ.

ಎಣ್ಣೆ ವಿಷಯಕ್ಕೆ ಮಾತ್ರ ಅಪ್ಪನಿಗೆ ಇದನ್ನು ಓದಿ ಹೇಳಿ. ಅಷ್ಟು ಒತ್ತಡದ ಗಾಳಿಗೆ ಎಣ್ಣೆ ಸೇರಿದರೆ ಡೀಸೆಲ್ ಎಂಜಿನ್ ಒಳಗೆ ಆಗೋದೇ ಆಗಬಹುದು, ಕಿಡಿ ಇಲ್ಲದೆ ಹೊತ್ತಿಕೊಳ್ಳುತ್ತೆ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ಬಂಡಿ ಗ್ರೀಸ್ ಯಾವುದೂ ಗಾಳಿಯ ದಾರಿಗೆ ಹೋಗಬಾರದು. ಮುಂದಿನ ವರ್ಷ ಕುಂಕುಮ ರೈಫಲ್ ಪೆಟ್ಟಿಗೆಗೆ ಹಚ್ಚಿ, ದೇವಿ ಬೇಜಾರು ಮಾಡ್ಕೊಳ್ಳಲ್ಲ.

ಬಳ್ಳಾರಿಯಿಂದ: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್‌ನಿಂದ ತುಂಬಿಸಬಹುದಾ? ಅಗ್ಗವಾಗುತ್ತೆ.

ಆಗಲ್ಲ. ಮೇಲಿನ ಉತ್ತರದಲ್ಲಿ ಬರೀ ಗಾಳಿಗೆ ಹೇಳಿದ್ದು, ಶುದ್ಧ ಆಕ್ಸಿಜನ್‌ಗೆ ಒಳಗಿನ ಗ್ರೀಸಿನ ಒಂದು ಚುಕ್ಕೆ ಸಾಕು, ಸಿಲಿಂಡರ್ ಕೈಯಲ್ಲೇ ಸಿಡಿಯುತ್ತೆ. ಒಣ ಗಾಳಿ ಮಾತ್ರ.

ಬೆಂಗಳೂರಿನ ಜಯನಗರದಿಂದ ಒಬ್ಬ ತಾಯಿ: ನನ್ನ ಮಗಳಿಗೆ 12 ವರ್ಷ. ಕ್ಲಬ್‌ನಲ್ಲಿ ಕಲಿಯುತ್ತಿದ್ದಾಳೆ. ಒಬ್ಬರು ಹಳೇ ಮ್ಯಾಚ್ ರೈಫಲ್ ಕೊಡ್ತೀವಿ ಅಂತಿದ್ದಾರೆ, ಬೆಲೆಯೇನೂ ಕಡಿಮೆ ಇಲ್ಲ. ತೊಗೋಬಹುದಾ?

ಮೇಡಂ, ಅವಸರ ಮಾಡಬೇಡಿ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಹದಿಹರೆಯದಲ್ಲೇ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಮೇಲೆ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೀತಿದೆ, ಒಳ್ಳೇದೇ. ಆದರೆ ಮಗು ಬೆಳೀತಿದೆ, ರೈಫಲ್ ಬೆಳೆಯಲ್ಲ. ಸ್ಪರ್ಧೆಯ ನಿಯಮದಲ್ಲಿ ಐದೂವರೆ ಕೆ.ಜಿ. ತನಕ ತೂಕ ಇರಬಹುದು ಅಂದ ಮಾತ್ರಕ್ಕೆ 12 ವರ್ಷದ ಹುಡುಗಿ ಅಷ್ಟು ಹೊರಬೇಕು ಅಂತಲ್ಲ. ಭಾರ ಜಾಸ್ತಿಯಾದರೆ ಸೊಂಟ ತಿರುಚಿ ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲೋದನ್ನ ಕಲೀತಾಳೆ, ಆಮೇಲೆ ಅದನ್ನು ಬಿಡಿಸೋಕೆ ವರ್ಷಗಟ್ಟಲೆ ಬೇಕು. ಇನ್ನೂ ಆರು ತಿಂಗಳು ಕ್ಲಬ್ ರೈಫಲ್‌ನಲ್ಲೇ ಹೊಡೆಯಲಿ.

ಆದರೂ ಕೊಳ್ಳೋದೇ ಆದರೆ, ಬಣ್ಣ ನೋಡಬೇಡಿ. ಮೊದಲು ಸಿಲಿಂಡರ್ ಮೇಲೆ ಕೊರೆದಿರುವ ತಯಾರಿ ತಿಂಗಳು, ವರ್ಷ ಓದಿ. ಆಮೇಲೆ ಸಂಜೆ ಹೋಗಿ ಗಾಳಿ ತುಂಬಿಸಿ ಗೇಜಿನ ಫೋಟೊ ತೆಗೆದು ಅವರ ಮನೆಯಲ್ಲೇ ಬಿಟ್ಟು ಬನ್ನಿ, ಬೆಳಿಗ್ಗೆ ಮತ್ತೆ ನೋಡಿ. ಹತ್ತು ಗುಂಡಿನ ವೇಗ ಅಳೆದು ತೋರಿಸಿ ಅಂತ ಕೇಳಿ, ಅತಿ ಜಾಸ್ತಿಗೂ ಅತಿ ಕಡಿಮೆಗೂ ಎರಡು ಮೂರು ಮೀಟರ್ ವ್ಯತ್ಯಾಸ ಇದ್ದರೆ ಚೆನ್ನಾಗಿದೆ. ಸ್ಕ್ರೂಗಳ ತಲೆ ನೋಡಿ. ಅಂಚು ಸವೆದು ಉರುಟಾಗಿದ್ದರೆ ಯಾರೋ ಸೂಕ್ತವಲ್ಲದ ಕೀ ಹಾಕಿ ಒಳಗೆ ಕೈಯಾಡಿಸಿದ್ದಾರೆ, ಅಂಥದ್ದನ್ನ ಅರ್ಧ ಬೆಲೆಗೆ ಕೊಟ್ಟರೂ ಬಿಡಿ. ಕೋಚ್ ಜೊತೆಗಿರಲಿ.

ಇನ್ನೊಂದು ಮಾತು, ಯಾರೂ ಹೇಳಲ್ಲ ಅಂತ ಹೇಳ್ತಿದ್ದೀನಿ. ಪೆಲೆಟ್ ಸೀಸದ್ದು. ಪ್ರಾಕ್ಟೀಸ್ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಟಿಫಿನ್ ಡಬ್ಬಿ ಮುಟ್ಟಬೇಕು. ಪೆಲೆಟ್ ಬಾಯಲ್ಲಿ ಕಚ್ಚಿಕೊಳ್ಳೋ ಮಕ್ಕಳನ್ನ ನೋಡಿದ್ದೀನಿ, ಆ ಅಭ್ಯಾಸ ಮೊದಲ ದಿನವೇ ಬಿಡಿಸಿ.

ಮೈಸೂರಿನಿಂದ: 60 ಗುಂಡಿಗೆ 595ರಲ್ಲೇ ನಿಂತುಬಿಟ್ಟಿದ್ದೀನಿ. ಟ್ರಿಗರ್ ಇನ್ನೂ ಹಗುರ ಮಾಡಿಸಲಾ, ಬ್ಯಾರಲ್ ಬದಲಾಯಿಸಲಾ?

ಮೊದಲು ತಪ್ಪು ನಿಮ್ಮದಾ ರೈಫಲ್‌ದಾ ಅಂತ ಬೇರೆ ಮಾಡಿ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ರೈಫಲ್ ಕೂರಿಸಿ ಹತ್ತು ಗುಂಡು ಹೊಡೆಯಿರಿ. ಎಲ್ಲಾ ಸೇರಿ ಆರು ಮಿ.ಮೀ. ಒಳಗಿನ ಒಂದೇ ತೂತಾದರೆ ರೈಫಲ್‌ಗೆ ಕೈಮುಗಿದು ಪೆಟ್ಟಿಗೆಗಿಡಿ. ತೂತು ದೊಡ್ಡದಾಗಿದ್ದರೂ ಬ್ಯಾರಲ್ ಮೇಲೆ ಹೋಗಬೇಡಿ, ಪೆಲೆಟ್ ಬದಲಾಯಿಸಿ ನೋಡಿ. ಒಂದೇ ಕಂಪನಿಯದೇ ತಲೆಯ ಅಳತೆ 4.49, 4.50, 4.51 ಅಂತ ಬೇರೆ ಬೇರೆ ಸಿಗುತ್ತೆ, ಕೆಲವು ಬ್ಯಾರಲ್‌ಗಳಿಗೆ ಅದರಲ್ಲಿ ಒಂದೇ ಒಪ್ಪೋದು.

ನಿಮ್ಮ ಪತ್ರದಲ್ಲಿ ಮುಂದಿನ ಸೈಟಿಗೆ 3.4 ಮಿ.ಮೀ. ರಿಂಗ್ (ಗುರಿಯನ್ನು ನಡುವೆ ಕೂರಿಸಿ ನೋಡೋ ಬಳೆ) ಹಾಕಿದ್ದೀನಿ ಅಂದಿದ್ದೀರಿ. ನನ್ನ ಅನುಮಾನ ಅಲ್ಲೇ. ಬಿಗಿ ರಿಂಗ್ ಹಾಕಿದರೆ ಗುರಿ ಬಿಗಿಯಾಗುತ್ತೆ ಅಂತ ಎಲ್ಲರೂ ಅಂದುಕೊಳ್ತಾರೆ. ಆಗೋದು ಉಲ್ಟಾ. ಟಾರ್ಗೆಟ್‌ನ ಕಪ್ಪು ಚುಕ್ಕೆಯ ಸುತ್ತ ಬಿಳಿ ತೆಳುವಾದರೆ, ಕೈ ಚೂರು ಅಲುಗಿದರೂ ಕಪ್ಪು ಅಂಚಿಗೆ ಮುಟ್ಟಿದ ಹಾಗೆ ಕಾಣುತ್ತೆ, ನೀವು ಗಾಬರಿಯಾಗಿ ಹಿಡಿದಿಡ್ತೀರಿ, ಉಸಿರು ಕಟ್ಟುತ್ತೆ, ಕಣ್ಣು ಮಂಜಾಗುತ್ತೆ, ಆಮೇಲೆ ಸರಕ್ಕನೆ ಟ್ರಿಗರ್ ಎಳೀತೀರಿ. 4.0 ಹಾಕಿ ಎರಡು ವಾರ ಹೊಡೆಯಿರಿ. ಬಿಳಿ ಸುತ್ತಲೂ ಸಮ ಇದ್ದರೆ ಸಾಕು. ಟ್ರಿಗರ್ ಹಗುರ ಮಾಡೋದಕ್ಕೆ ರೈಫಲ್‌ನಲ್ಲಿ ನಿಯಮದ ಅಡ್ಡಿ ಇಲ್ಲ, ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಇರಬೇಕು. ಆದರೆ ಬೆರಳಿಗೆ ಎರಡನೇ ಹಂತ (ಗುಂಡು ಹಾರುವ ಮುಂಚಿನ ತಡೆ) ಸಿಗದಷ್ಟು ಹಗುರ ಮಾಡಿಕೊಂಡವರು ಎಲ್ಲರೂ ವಾಪಸ್ ಬಂದಿದ್ದಾರೆ.

ಸೈಟ್ ಕ್ಲಿಕ್ ಲೆಕ್ಕ ಬಾಯಿಪಾಠ ಇರಲಿ. ಅಭಿನವ್ ಬಿಂದ್ರಾ 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ 700.5 ಹೊಡೆದು ಚಿನ್ನ ಗೆದ್ದರಲ್ಲ, ಫೈನಲ್‌ಗೆ ಮುಂಚಿನ ಪರೀಕ್ಷೆ ಗುಂಡು ಎಲ್ಲೋ ದೂರ ಬಿದ್ದಿತ್ತು, ಸೈಟ್ ಅಲುಗಿಹೋಗಿತ್ತು ಅಂತ ಅವರೇ ಆಮೇಲೆ ಹೇಳಿದ್ದಾರೆ. ಇರುವ ಕೆಲವೇ ನಿಮಿಷದಲ್ಲಿ ಸೈಟ್ ಸರಿ ಮಾಡಿಕೊಂಡು ಹೊಡೆದರು. ನಿಮ್ಮ ಸೈಟಿನಲ್ಲಿ ಹತ್ತು ಕ್ಲಿಕ್ ತಿರುಗಿಸಿದರೆ ಗುಂಡು ಎಷ್ಟು ಮಿ.ಮೀ. ಯಾವ ಕಡೆ ಹೋಗುತ್ತೆ? ಪತ್ರ ಕೆಳಗಿಟ್ಟು ಹೇಳಿ ನೋಡೋಣ.

ಮಡಿಕೇರಿ ಹತ್ತಿರದಿಂದ: ಕೈಲ್‌ಪೊಳ್ದ್ ಸಮಯದಲ್ಲಿ ನಮ್ಮ ಕಡೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇರುತ್ತಲ್ಲ, ನಮ್ಮೂರಲ್ಲಿ ಏರ್ ಗನ್‌ಗೆ ಕೋಳಿಮೊಟ್ಟೆ ಇಡ್ತಾರೆ. ಮನೆಯಲ್ಲಿ ಸರಿಯಾಗಿ ಬೀಳುತ್ತೆ, ಅಲ್ಲಿ ಮೊಟ್ಟೆ ತಪ್ಪಿಹೋಗುತ್ತೆ.

ನಿಮ್ಮದು ಟೆಲಿಸ್ಕೋಪ್ ಹಾಕಿದ ಪಿಸಿಪಿ ಅಂದಿದ್ದೀರಿ. ಸ್ಕೋಪ್ ಬ್ಯಾರಲ್‌ಗಿಂತ ನಾಲ್ಕೈದು ಸೆಂ.ಮೀ. ಮೇಲಿರುತ್ತೆ, ಹಾಗಾಗಿ ಒಂದು ದೂರಕ್ಕೆ ಕೂರಿಸಿದ ಸೈಟ್ ಇನ್ನೊಂದು ದೂರಕ್ಕೆ ಹೊಂದಲ್ಲ. ಸ್ಪರ್ಧೆಯ ದೂರ ಎಷ್ಟು ಹೆಜ್ಜೆ ಅಂತ ಕೇಳಿಕೊಂಡು ಮನೆಯಲ್ಲೂ ಅಷ್ಟೇ ದೂರ ಅಳೆದು ಸೈಟ್ ಕೂರಿಸಿ. ಕಣ್ಣು ಸ್ಕೋಪಿನ ನಡುವಿಗೇ ಇರಲಿ, ಹತ್ತಿರದ ಗುರಿಗೆ ಕಣ್ಣು ಪಕ್ಕಕ್ಕೆ ಸರಿದರೆ ಕ್ರಾಸ್ ಗೆರೆಯೂ ಸರಿದ ಹಾಗೆ ಕಾಣುತ್ತೆ. ಮನೆಯಲ್ಲಿ ಗುರಿಯ ಹಿಂದೆ ಕಲ್ಲು, ಹಲಗೆ ಇಡಬೇಡಿ, ಸೀಸ ಪುಟಿದು ವಾಪಸ್ ಬರುತ್ತೆ. ಹಳೇ ಬಟ್ಟೆ ಒತ್ತಿ ತುಂಬಿದ ಗೋಣಿಚೀಲ, ಅದರ ಹಿಂದೆ ಮಣ್ಣಿನ ದಿಬ್ಬ ಇರಲಿ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ.

ಜರ್ಮನಿಯ ಊಲ್ಮ್‌ನಿಂದ: ಇಲ್ಲಿ ಕೆಲಸದಲ್ಲಿದ್ದೇನೆ. ಊರಿನ ಶೂಟಿಂಗ್ ಕ್ಲಬ್ ಸೇರಿದೆ. ಸಹೋದ್ಯೋಗಿ ಒಬ್ಬರು ಹಳೇ ಮ್ಯಾಚ್ ರೈಫಲ್ ಕೊಟ್ಟರು, ಹೊಸದರಂತಿದೆ. ಸಿಲಿಂಡರ್ ಮೇಲೆ 2009 ಅಂತಿದೆ. ಕ್ಲಬ್‌ನವರು ಗಾಳಿ ತುಂಬಿಸಲು ಒಪ್ಪುತ್ತಿಲ್ಲ. ಬರೀ ಹಟವಾ?

ವಾಲ್ಟರ್, ಅನ್‌ಷುಟ್ಸ್ ಅನ್ನೋ ರೈಫಲ್ ಕಂಪನಿಗಳೆರಡೂ ಇರುವ ಊರಲ್ಲಿ ಕೂತು ಬೆಂಗಳೂರಿಗೆ ಪತ್ರ ಬರೆದಿದ್ದೀರಲ್ಲ, ಖುಷಿಯಾಯ್ತು. ಹಟ ಅಲ್ಲ, ಅವರು ಸರಿ. ಇಂಥ ಮ್ಯಾಚ್ ಸಿಲಿಂಡರ್‌ಗಳಿಗೆ ಸಾಮಾನ್ಯವಾಗಿ ತಯಾರಿಯಿಂದ 10 ವರ್ಷ ಆಯುಷ್ಯ ಅಂತ ಕಂಪನಿಗಳೇ ಹೇಳುತ್ತವೆ. ಅವಧಿ ನೋಡಿಕೊಳ್ಳೋದು ಶೂಟರ್‌ನದೇ ಜವಾಬ್ದಾರಿ ಅಂತ ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮದಲ್ಲೂ ಇದೆ. ಹೊರಗೆ ಹೊಳೆಯುತ್ತೆ ಅಂದ ಮಾತ್ರಕ್ಕೆ ಒಳಗೆ ಗಟ್ಟಿ ಅಂತಲ್ಲ, ಪ್ರತಿ ಸಲ ತುಂಬಿ ಖಾಲಿ ಮಾಡಿದಾಗಲೂ ಲೋಹ ಉಬ್ಬಿ ಕುಗ್ಗುತ್ತೆ, ಸುಸ್ತಾಗುತ್ತೆ. ರೈಫಲ್ ಇಟ್ಟುಕೊಳ್ಳಿ, ಅದಕ್ಕೇನೂ ವಯಸ್ಸಾಗಿಲ್ಲ. ಅದೇ ಮಾಡೆಲ್‌ಗೆ ಹೊಂದುವ ಹೊಸ ಸಿಲಿಂಡರ್ ಕೊಂಡುಕೊಳ್ಳಿ, ತಿರುಪಿನ ಎಳೆ ಮತ್ತು ಒತ್ತಡ ಎರಡೂ ಸರಿಯಿದೆಯಾ ನೋಡಿ. ಹಳೇದರ ಗಾಳಿ ಪೂರ್ತಿ ಬಿಟ್ಟು, ಕ್ಲಬ್‌ನ ಮೆಕ್ಯಾನಿಕ್ ಕೈಲಿ ವಾಲ್ವ್ ತೆಗೆಸಿ, ಗರಗಸದಲ್ಲಿ ಎರಡು ತುಂಡು ಮಾಡಿಸಿ ಗುಜರಿಗೆ ಹಾಕಿ. ಇಡಿಯಾಗಿ ಎಸೆದರೆ ಯಾರೋ ಎತ್ತಿಕೊಂಡು ಹೋಗಿ ತುಂಬಿಸ್ತಾರೆ.